ಅಪ್ಪನೂ ಒಳಗೆ ಬರಲಿ

ತಂಗಿಗೆ ಬಿಪಿ ಏರಿ, ತಿಂಗಳು ತುಂಬುವ ಮೊದಲೇ ಹಾಸನದಲ್ಲಿ ಸಿಸೇರಿಯನ್ ಆಯಿತು. ಅವಳು ಐಸಿಯುನಲ್ಲಿ, ಮಗು ಎಳೆ ಮಕ್ಕಳ ಐಸಿಯು ಆದ ಎನ್‌ಐಸಿಯುನಲ್ಲಿ. ಹೆಣ್ಣು ಮಗು, ಒಂದೂವರೆ ಕೆಜಿಯೂ ಇಲ್ಲ. ನಾನು, ಅಮ್ಮ, ತಂಗಿಯ ಗಂಡ ಹೊರಗೆ ಬೆಂಚಿನ ಮೇಲೆ.

ಮಗುವಿನ ಉಸಿರು ಹತೋಟಿಗೆ ಬಂದ ಮೇಲೆ ಸಿಸ್ಟರ್ ಬಂದು, "ಮಗು ಅಪ್ಪ ಯಾರು? ಒಳಗೆ ಬನ್ನಿ" ಅಂದರು.

ತಂಗಿಯ ಗಂಡ ಆಲೂಗಡ್ಡೆ ಬಿತ್ತನೆ ಅರ್ಧಕ್ಕೆ ಬಿಟ್ಟು ಓಡಿ ಬಂದವರು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಸಿಸ್ಟರ್ ಬೈಯಲಿಲ್ಲ, ನೇಲ್ ಕಟರ್ ಕೊಟ್ಟರು. ಉಂಗುರ, ವಾಚು, ಕೈಗೆ ಕಟ್ಟಿದ್ದ ದಾರ ಎಲ್ಲ ತೆಗೆಸಿದರು. ಮೊಣಕೈವರೆಗೆ ಸೋಪು ಹಚ್ಚಿಸಿ, ಬೆರಳ ಸಂದಿಯನ್ನೂ ಬಿಡದೆ ಉಜ್ಜಿಸಿದರು. ಆಮೇಲೆ ಅಂಗಿ ಬಿಚ್ಚಿಸಿ ಒರಗು ಕುರ್ಚಿಯಲ್ಲಿ ಕೂರಿಸಿದರು. ಟೋಪಿ, ಸಾಕ್ಸ್, ಡೈಪರ್ ಮಾತ್ರ ಹಾಕಿದ್ದ ಮಗುವನ್ನು ಕಪ್ಪೆಯ ಹಾಗೆ ಕಾಲು ಮಡಿಸಿ ಎದೆಗೆ ಆನಿಸಿದರು. ಕತ್ತು ಒಂದು ಕಡೆ ತಿರುಗಿಸಿ ಬಟ್ಟೆ ಸುತ್ತಿದರು. "ಮಗು ನೀಲಿಗೆ ತಿರುಗಿದರೆ ಅಂಗಾಲು ಉಜ್ಜಿ, ತಕ್ಷಣ ನನ್ನ ಕರೀರಿ ಅಣ್ಣಾ" ಅಂದರು.

ಈ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದದ್ದು. ಹುಟ್ಟಿದ ತಕ್ಷಣದಿಂದಲೇ ಹೀಗೆ ಅಪ್ಪಿಕೊಂಡಿದ್ದರೆ ಕಡಿಮೆ ತೂಕದ ಮಕ್ಕಳ ಸಾವು ಕಾಲು ಭಾಗದಷ್ಟು ಇಳಿಯುತ್ತದೆ ಅಂತ 2021ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ಅದು ನಡೆದಿತ್ತು. ಮನೆಯವರಿಗೆ ತರಬೇತಿ ಕೊಟ್ಟು ಆರೈಕೆಯಲ್ಲಿ ಸೇರಿಸಿಕೊಳ್ಳಿ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೂ ಎಷ್ಟೋ ಕಡೆ ಗಾಜಿನಾಚೆ ನಿಲ್ಲಿಸಿ ಕಳಿಸ್ತಾರೆ. ಸೋಂಕಿನ ಭಯ ಅನ್ನೋದು ನಿಜ. ಆದರೆ ಕೈ ತೊಳೆಯೋದನ್ನ ಕಲಿಸಬಹುದು, ಅಲ್ವಾ?

ತಂಗಿ ಹಿಂಡಿ ಕೊಟ್ಟ ಹಾಲನ್ನು ಅಮ್ಮ ತಂದು ಕೊಡುತ್ತಿದ್ದಳು. ಮೊದಲು ಟ್ಯೂಬಿನಲ್ಲಿ, ಆಮೇಲೆ ಒಳಲೆಯಲ್ಲಿ. ತಂಗಿ ವೀಲ್‌ಚೇರಿನಲ್ಲಿ ಮಗು ನೋಡಲು ಬಂದಾಗ ಹೆದರಿ ಕೈ ಹಿಂದೆ ತೆಗೆದಳು. ಅವಳಿಗೆ ಹೇಳಿಕೊಟ್ಟದ್ದು ಗಂಡನೇ. "ತಲೆ ಸ್ವಲ್ಪ ಎತ್ತಿ ಹಿಡ್ಕೋ. ಒಳಲೆ ತುದೀನ ತುಟಿ ಅಂಚಿಗಿಡು. ಸುರೀಬೇಡ, ನುಂಗೋವರೆಗೂ ಕಾಯಿ." ಹಾಲು ಕುಡಿಸುವುದಿರಲಿ, ಎಳೆ ಮಕ್ಕಳನ್ನ ಎತ್ತಿಕೊಳ್ಳೋದಕ್ಕೂ ಹಿಂಜರಿಯುತ್ತಿದ್ದ ಮನುಷ್ಯ!

ಅಲ್ಲಿ ಒರಗು ಕುರ್ಚಿಗಳು ಮಾತ್ರ ಸಾಲುತ್ತಿರಲಿಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಡಿಸ್ಚಾರ್ಜ್ ದಿನ ಸಲಹಾ ಪುಸ್ತಕದಲ್ಲಿ ಕುರ್ಚಿ ಜಾಸ್ತಿ ಮಾಡಿ ಅಂತ ಬರೆದೆ. ತಂಗಿಯ ಗಂಡ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಅಪ್ಪಂದಿರಿಗೆ ರಾತ್ರಿಯೂ ಬಿಡಿ.