ಲಾರಿ ಬಾರದ ದಾರಿ: ಸಂಡೂರಿನ ಗರಸಿನ ಮೇಲೆ ಸೈಕಲ್

ಬಳ್ಳಾರಿ ಸೀಮೆಯಲ್ಲಿ ಸೈಕಲ್ ತುಳಿಯುವವರು ಯಾವ ರಸ್ತೆಯ ಹೆಸರು ಕೇಳಿದರೂ ಮೊದಲು ವಿಚಾರಿಸುವುದು ಅಲ್ಲಿ ಅದಿರಿನ ಲಾರಿ ಓಡುತ್ತದೆಯೇ ಎಂದು. ಹಿಂದಿನಿಂದ ಬರುವ ಲಾರಿಗೆ ಅಂಚಿನ ಮಣ್ಣಿಗೆ ಇಳಿದು ದಾರಿ ಬಿಡುವುದು, ಅದೆಬ್ಬಿಸಿದ ಕೆಂಧೂಳು ಕೂರುವವರೆಗೆ ಕಣ್ಣು ಮುಚ್ಚಿ ನಿಲ್ಲುವುದು, ಮತ್ತೆ ಡಾಂಬರಿಗೆ ಹತ್ತುವಷ್ಟರಲ್ಲಿ ಇನ್ನೊಂದರ ಹಾರನ್ ಕೇಳುವುದು, ಇದನ್ನು ಹಲವು ವರ್ಷ ಮಾಡಿದ ಮೇಲೆ ನಾನು ಡಾಂಬರಿನ ಆಸೆಯನ್ನೇ ಬಿಟ್ಟೆ. ಈಗ ತಿಂಗಳಿಗೆ ಎರಡು ಭಾನುವಾರ, ಗೆಳೆಯನೊಬ್ಬನ ಜೀಪಿನ ಹಿಂದೆ ಎರಡು ಸೈಕಲ್ ಕಟ್ಟಿಕೊಂಡು ಸಂಡೂರಿನ ಕಣಿವೆಗೆ ಹೋಗಿ, ಅಲ್ಲಿನ ಬಂಡಿ ಜಾಡುಗಳಲ್ಲಿ ನಾಲ್ಕೈದು ಗಂಟೆ ತುಳಿದು ಬರುತ್ತೇವೆ. ದಿನವಿಡೀ ಎದುರಾಗುವ ವಾಹನಗಳನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಬಹುದು. ಅವುಗಳಲ್ಲಿ ಹೆಚ್ಚಿನವು ಹಾಲಿನ ಕ್ಯಾನು ಹೊತ್ತ ಮೋಟಾರು ಸೈಕಲ್ಲುಗಳು.

ಬಳ್ಳಾರಿಯ ಬಯಲಿನಲ್ಲಿ ಬೆಳೆದವರಿಗೆ ಸಂಡೂರು ಪ್ರತಿ ಸಲವೂ ಸ್ವಲ್ಪ ನಂಬಲಾಗದ ಊರೇ. ಎರಡು ಕಡೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುವ ಬೆಟ್ಟದ ಸಾಲುಗಳು, ನಡುವೆ ಉದ್ದನೆಯ ಕಣಿವೆ, ಕಣಿವೆಯಲ್ಲಿ ನಾರಿಹಳ್ಳ. ಈ ಹಳ್ಳ ಬೆಟ್ಟಗಳನ್ನು ಸೀಳಿಕೊಂಡು ಹರಿದ ಕಡೆಗಳಲ್ಲಿ ಉಂಟಾದ ಕಂಡಿಗಳನ್ನು ನಮ್ಮ ಜನ ಗಂಡಿ ಎನ್ನುತ್ತಾರೆ. ಉಬ್ಬಲಗಂಡಿ ಮತ್ತು ಭೀಮಗಂಡಿ ಆ ಹೆಸರುಗಳಲ್ಲಿ ಪ್ರಸಿದ್ಧ. ಈ ನೆಲದ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬೆಟ್ಟಗಳ ನೆತ್ತಿಯಲ್ಲಿರುವ ಕಬ್ಬಿಣದ ಪಟ್ಟೆಗಳ ಗಟ್ಟಿ ಕಲ್ಲು ಮಳೆ ಗಾಳಿಗೆ ಬೇಗ ಸವೆಯದೆ ಉಳಿದುದರಿಂದಲೇ ಸುತ್ತಲಿನ ನೆಲ ತಗ್ಗಿದರೂ ಈ ಸಾಲುಗಳು ತಲೆಯೆತ್ತಿ ನಿಂತಿವೆ. ಬೆಟ್ಟವನ್ನು ಕಾಯ್ದ ಕಬ್ಬಿಣವೇ ಬೆಟ್ಟವನ್ನು ಅಗೆಯಲು ಕಾರಣವಾದದ್ದು ಈ ತಾಲ್ಲೂಕಿನ ಕಥೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. 2013ರ ಏಪ್ರಿಲ್‌ನ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅಕ್ರಮದಲ್ಲಿ ಮುಂದಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಗಣಿಗಾರಿಕೆ ಮತ್ತೆ ನಡೆಯುತ್ತಿದೆ, ಲಾರಿಗಳೂ ಇವೆ. ಆದರೆ ಅವುಗಳಿಗೆ ಅವುಗಳದೇ ರಸ್ತೆಗಳಿವೆ. ಆ ರಸ್ತೆಗಳನ್ನು ಬಿಟ್ಟು ಹೊಲ ಮತ್ತು ಕಾಡಿನ ನಡುವಿನ ಅಂಚನ್ನು ಹಿಡಿದರೆ ಕಣಿವೆ ಸೈಕಲ್ಲಿನವರಿಗೆ ಸಿಗುತ್ತದೆ.

ಹೊರದೇಶಗಳಲ್ಲಿ ಇಂಥ ಡಾಂಬರಿಲ್ಲದ ದಾರಿಯ ಸವಾರಿಗೆ ಗ್ರಾವೆಲ್ ಸೈಕ್ಲಿಂಗ್ ಎಂಬ ಹೆಸರಿದೆ, ಅದಕ್ಕೆಂದೇ ಮಾಡಿದ ಸೈಕಲ್ಲುಗಳಿವೆ, ಪಂದ್ಯಗಳೂ ಇವೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಿಂದ ನಡೆಯುತ್ತಿರುವ 200 ಮೈಲಿಯ ಪಂದ್ಯಕ್ಕೆ ಈಗ ಅನ್‌ಬೌಂಡ್ ಗ್ರಾವೆಲ್ ಎಂದು ಹೆಸರು. ಅಲ್ಲಿನ ಚಕಮಕಿ ಕಲ್ಲು ಟೈರನ್ನು ಚಾಕುವಿನಂತೆ ಕೊಯ್ಯುತ್ತದೆಯಂತೆ. ನನ್ನದು ಅಂಥ ಸೈಕಲ್ಲೇನೂ ಅಲ್ಲ. ಹಳೆಯ ಗೇರ್ ಸೈಕಲ್ಲಿಗೆ 40 ಮಿಲಿಮೀಟರ್ ಅಗಲದ ಟೈರು ಹಾಕಿಸಿದ್ದೇನೆ, ಅಷ್ಟೇ. ಈ ಸವಾರಿಯಲ್ಲಿ ಖರ್ಚು ಮಾಡಬೇಕಾದ ಒಂದೇ ಜಾಗ ಟೈರು ಎಂಬುದು ನನ್ನ ಖಚಿತ ಅಭಿಪ್ರಾಯ. ಫ್ರೇಮಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಗೆಳೆಯರು ಕ್ಷಮಿಸಬೇಕು. ಅಗಲ ಟೈರಿನಲ್ಲಿ ಗಾಳಿಯನ್ನು ತುಸು ಕಡಿಮೆ ಇಟ್ಟರೆ ಅದು ಕಲ್ಲಿನ ಮೇಲೆ ಪುಟಿಯದೆ ಕಲ್ಲನ್ನು ತಬ್ಬಿಕೊಂಡು ಹೋಗುತ್ತದೆ. ಡಾಂಬರಿನ ಅಭ್ಯಾಸದಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಗಾಳಿ ಹೊಡೆದು ಹೋದ ಮೊದಲ ದಿನ ನನ್ನ ಮಣಿಕಟ್ಟುಗಳು ಸಂಜೆಯವರೆಗೆ ನಡುಗುತ್ತಿದ್ದವು.

ಟೈರಿಗಿಂತಲೂ ಮುಖ್ಯವಾದದ್ದು ಮಣ್ಣಿನ ತಿಳಿವಳಿಕೆ. ನಮ್ಮ ಕಡೆ ಇದನ್ನು ಯಾವ ಸೈಕಲ್ ಅಂಗಡಿಯವರೂ ಹೇಳಿಕೊಡುವುದಿಲ್ಲ, ರೈತರು ಹೇಳುತ್ತಾರೆ. ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಚಕ್ರವನ್ನು ಹಿಡಿದುಕೊಳ್ಳುತ್ತದೆ. ಒಂದು ಹದ ಮಳೆ ಬಿದ್ದರಂತೂ ಮುಗಿಯಿತು: ಮಣ್ಣು ಟೈರಿಗೆ ಪದರ ಪದರವಾಗಿ ಅಂಟಿ, ಫೋರ್ಕಿನ ಸಂದಿಯಲ್ಲಿ ತುಂಬಿ, ಚಕ್ರ ತಿರುಗುವುದೇ ನಿಂತು, ಸವಾರನೇ ಸೈಕಲ್ಲನ್ನು ಹೊತ್ತು ನಡೆಯಬೇಕಾಗುತ್ತದೆ. ಮರಳು ಬೆರೆತ ಕೆಂಪು ಮಣ್ಣಿನ ಮಸಾರಿ ನೆಲ ಹಾಗಲ್ಲ. ಮಳೆ ನಿಂತು ಒಂದೆರಡು ಗಂಟೆಯಲ್ಲೇ ನೀರು ಇಂಗಿ, ಮರಳು ಬಿಗಿದು, ಚಕ್ರದ ಕೆಳಗೆ ಸಣ್ಣಗೆ ಚರಚರ ಸದ್ದು ಮಾಡುತ್ತ ದಾರಿ ಬಿಡುತ್ತದೆ. ಬೆಟ್ಟದ ಬುಡದಲ್ಲಿ ಸಿಗುವ ಗರಸು ಎಲ್ಲಕ್ಕಿಂತ ಉತ್ತಮ. ಕಡಲೆಕಾಳಿನಷ್ಟು ಗಾತ್ರದ ಕೆಂಪು ಹರಳುಗಳು ಎತ್ತಿನ ಗಾಡಿಗಳ ಓಡಾಟದಿಂದ ಒತ್ತಿ ಕುಳಿತು, ಎರಡು ನುಣುಪಾದ ಗೀರುಗಳಾಗಿ ಸಾಗುತ್ತವೆ, ನಡುವೆ ಹುಲ್ಲು ಬೆಳೆದಿರುತ್ತದೆ. ಲಾರಿ ಓಡುವ ಮಣ್ಣು ರಸ್ತೆಯಲ್ಲಿ ಅಡ್ಡಡ್ಡ ಅಲೆಗಳು ಎದ್ದು ಹಲ್ಲು ಕಟಕಟಿಸುವಂತೆ ಮಾಡುತ್ತವೆ. ಬಂಡಿ ಜಾಡಿನಲ್ಲಿ ಆ ಕಾಟವಿಲ್ಲ.

ಈ ಸಲ ನಾವು ತಾರಾನಗರದ ಬಳಿ, ನಾರಿಹಳ್ಳ ಜಲಾಶಯದ ಹತ್ತಿರ ಸೈಕಲ್ ಇಳಿಸಿದಾಗ ಬಿಸಿಲು ಆಗಲೇ ಬೆಟ್ಟದ ತಲೆ ದಾಟಿತ್ತು. ಬೇಗ ಹೊರಡಬಹುದಿತ್ತು, ಆದರೆ ಈ ಭಾಗದಲ್ಲಿ ಕರಡಿ ಇದೆ, ಚಿರತೆ ಇದೆ. ದರೋಜಿ ಕರಡಿಧಾಮ ಇಲ್ಲಿಂದ ದೂರವೇನಲ್ಲ. ಸದ್ದಿಲ್ಲದೆ ಬರುವ ಸೈಕಲ್ಲು ತಿರುವಿನಲ್ಲಿ ಕರಡಿಯ ಎದುರಿಗೆ ನಿಲ್ಲುವುದು ಇಬ್ಬರಿಗೂ ಒಳ್ಳೆಯದಲ್ಲವೆಂದು ನಾವು ಬೆಳಗಿನ ಮಬ್ಬಿನಲ್ಲೂ ಸಂಜೆಯ ಮಬ್ಬಿನಲ್ಲೂ ಕಾಡಿನಂಚಿಗೆ ಹೋಗುವುದಿಲ್ಲ. ಕಾಯ್ದಿಟ್ಟ ಅರಣ್ಯದ ಒಳಕ್ಕೆ ಇಲಾಖೆಯ ಅನುಮತಿಯಿಲ್ಲದೆ ನುಗ್ಗುವುದೂ ಇಲ್ಲ. ಊರಿಂದ ಊರಿಗೆ ಹೋಗುವ ಜಾಡುಗಳೇ ನಮಗೆ ಧಾರಾಳವಾಗಿ ಸಾಕು.

ಮಳೆಗಾಲದ ಕೊನೆಯ ಸಂಡೂರನ್ನು ನೋಡದವರಿಗೆ ಅದರ ಹಸಿರನ್ನು ವಿವರಿಸುವುದು ಕಷ್ಟ. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕೆಂದು ಅವರು ಹೇಳಿದರೆಂಬುದನ್ನು ಊರಿನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಜೋಳದ ಹೊಲಗಳ ಪಕ್ಕದಲ್ಲಿ ಒಂದು ಇಳಿಜಾರು, ತಳದಲ್ಲಿ ಸಣ್ಣ ಹಳ್ಳ, ಹಳ್ಳ ದಾಟಿದ ಕೂಡಲೇ ಒಂದು ಏರು, ಏರಿನ ತುದಿಯಲ್ಲಿ ಸೀತಾಫಲದ ಪೊದೆಗಳು, ಮತ್ತೆ ಇಳಿಜಾರು. ಗರಸಿನ ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಬಿಡಿಹರಳಿನ ಮೇಲೆ ಜಾರಿ ಇದ್ದಲ್ಲೇ ತಿರುಗುತ್ತದೆ. ಕುಳಿತೇ, ಸಣ್ಣ ಗೇರಿನಲ್ಲಿ, ಹಿಟ್ಟಿನ ಕಲ್ಲು ಬೀಸುವವರಂತೆ ಒಂದೇ ಸಮನೆ ತುಳಿಯಬೇಕು. ಇಳಿಯುವಾಗ ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು ಮುಗಿಸಬೇಕು, ತಿರುವಿನ ನಡುವೆ ಹಿಡಿದರೆ ಮೊಣಕೈಯ ಚರ್ಮ ಗರಸಿಗೆ ಕಾಣಿಕೆ. ನನ್ನ ಎಡ ಮೊಣಕೈ ಅದಕ್ಕೆ ಸಾಕ್ಷಿ.

ಮೂರನೆಯ ಏರಿನ ನೆತ್ತಿಯಲ್ಲಿ ಮುಂದಿನ ಚಕ್ರ ಮೆತ್ತಗಾಯಿತು. ಪಂಕ್ಚರ್ ಎಂದರೆ ನಮ್ಮ ಕಡೆ ಎರಡು ಆರೋಪಿಗಳು. ಒಂದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಿಡಕ್ಕೆ ಕನ್ನಡಿಗರು ನಮ್ಮ ಊರಿನ ಹೆಸರನ್ನು ಯಾಕೆ ಅಂಟಿಸಿದರೋ, ಬಳ್ಳಾರಿಯವನಾಗಿ ನನಗೆ ಆ ಬಗ್ಗೆ ಸಣ್ಣ ಮುನಿಸಿದೆ. ಇನ್ನೊಂದು ನೆಗ್ಗಿಲು. ನೆಲಕ್ಕೆ ಹರಡಿ ಹಳದಿ ಹೂ ಬಿಡುವ ಈ ಸಾಧು ಬಳ್ಳಿಯ ಕಾಯಿ ಒಣಗಿದಾಗ ಐದು ಹೋಳಾಗಿ ಒಡೆಯುತ್ತದೆ. ಪ್ರತಿ ಹೋಳಿಗೂ ಗಟ್ಟಿ ಮುಳ್ಳುಗಳಿರುತ್ತವೆ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ.

ಚಕ್ರ ಬಿಚ್ಚಿ ಕುಳಿತಿದ್ದಾಗ ಕುರಿಹಿಂಡಿನೊಂದಿಗೆ ಒಬ್ಬ ಅಜ್ಜ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೊಡಲಿ ಸಿಕ್ಕಿಸಿದ ಉದ್ದನೆಯ ಕೋಲು. ಸ್ವಲ್ಪ ಹೊತ್ತು ನೋಡುತ್ತ ನಿಂತವರು, ನಾನು ಉಗುರಿನಿಂದ ಮುಳ್ಳು ಕೀಳಲು ಒದ್ದಾಡುವುದನ್ನು ಸಹಿಸಲಾರದೆ, ಉಡಿದಾರಕ್ಕೆ ಕಟ್ಟಿದ್ದ ಕಬ್ಬಿಣದ ಚಿಮಟವನ್ನು ಬಿಚ್ಚಿ ಕೊಟ್ಟರು. ಅಂಗಾಲಿನ ಮುಳ್ಳು ಕೀಳಲು ಕುರಿಗಾಹಿಗಳು ಸದಾ ಜೊತೆಗಿಟ್ಟುಕೊಳ್ಳುವ ಅದರ ತುದಿಗಳು ಕೂದಲಿನಷ್ಟು ನಯವಾಗಿ ಕೂಡುತ್ತಿದ್ದವು. ಒಂದೇ ಎಳೆತಕ್ಕೆ ನೆಗ್ಗಿಲಿನ ಮುಳ್ಳು ಹೊರಬಂತು.

"ಒಂದು ಸಿಕ್ತು ಅಂತ ಬಿಡಬ್ಯಾಡ ತಮ್ಮಾ, ಅದು ಒಂದ ಇರಂಗಿಲ್ಲ. ಕೈಯಾಡಿಸಿ ನೋಡು," ಎಂದರು.

"ನೋಡೀನಿ ಅಜ್ಜಾ, ಇಲ್ಲ," ಎಂದೆ. ನಿಜವಾಗಿ ಅರ್ಧ ಟೈರನ್ನಷ್ಟೇ ನೋಡಿದ್ದೆ.

ಮುಂದೆ ಯಾವ ದಾರಿ ಹಿಡಿಯಬೇಕೆಂದು ಕೇಳಿದ್ದಕ್ಕೆ ಅವರು ಕೋಲಿನಿಂದ ಎರಡು ಜಾಡುಗಳನ್ನು ತೋರಿಸಿದರು. "ಈ ಕಡೆ ಹತ್ರ ಆಗ್ತತಿ, ಆದ್ರ ಎರಿ ಐತಿ, ರಾತ್ರಿ ಮಳಿ ಆಗೈತಿ. ಗುಡ್ಡದ ಬುಡಕ್ಕ ಹೋಗು, ಗರಸು ಐತಿ." ನನ್ನ ಫೋನಿನ ನಕ್ಷೆ ತೋರಿಸುತ್ತಿದ್ದದ್ದು ಹತ್ತಿರದ ದಾರಿಯನ್ನು. ನಾವು ಗುಡ್ಡದ ಬುಡವನ್ನೇ ಹಿಡಿದೆವು. ಸಂಜೆ ಜೀಪಿನ ಬಳಿ ಸಿಕ್ಕ ಇಬ್ಬರು ಹುಡುಗರ ಮೋಟಾರು ಸೈಕಲ್ಲು ಗಾಲಿಯವರೆಗೂ ಕಪ್ಪು ಮಣ್ಣು ಮೆತ್ತಿಕೊಂಡಿತ್ತು. ಯಾವ ದಾರಿಯಲ್ಲಿ ಬಂದಿರೆಂದು ಕೇಳುವ ಅಗತ್ಯ ಬೀಳಲಿಲ್ಲ.

ಮಧ್ಯಾಹ್ನ ತಾಂಡಾವೊಂದರ ಅಂಚಿನ ಬೇವಿನ ಮರದಡಿ ಬುತ್ತಿ ಬಿಚ್ಚಿದೆವು: ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ. ಜಗಲಿಯ ಮೇಲೆ ಕುಳಿತಿದ್ದ ಲಂಬಾಣಿ ಹೆಂಗಸೊಬ್ಬರು ಬಟ್ಟೆಯ ಮೇಲೆ ಕನ್ನಡಿ ಕೂರಿಸಿ ಹೊಲಿಯುತ್ತಿದ್ದರು. ಸಂಡೂರಿನ ಈ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಅಲ್ಲಿಂದ ಪಡುವಣಕ್ಕೆ ನೋಡಿದರೆ ಬೆಟ್ಟದ ಸಾಲು ನೀಲಿಯಾಗಿ ಕಾಣುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದ ರಾಮನದುರ್ಗವೂ ಈ ಬೆಟ್ಟಗಳಲ್ಲೇ ಇದೆ. ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರನ್ನು ಕಾಯಿಲೆಯ ಬಳಿಕ ಚೇತರಿಸಿಕೊಳ್ಳಲು ಅಲ್ಲಿಗೆ ಕಳಿಸುತ್ತಿದ್ದರು. ಅಲ್ಲಿಗೆ ಸೈಕಲ್ಲಿನಲ್ಲಿ ಹತ್ತುವ ಮಾತನ್ನು ಗೆಳೆಯ ಪ್ರತಿ ಸಲವೂ ಎತ್ತುತ್ತಾನೆ, ಊಟವಾದ ಮೇಲೆ ಪ್ರತಿ ಸಲವೂ ಕೈಬಿಡುತ್ತಾನೆ.

ಮನೆಗೆ ಬಂದ ರಾತ್ರಿಯೇ ಚೈನನ್ನು ಒಣಬಟ್ಟೆಯಿಂದ ಒರೆಸಿಡಬೇಕು. ಅದಿರಿನ ಧೂಳು ಸಾಮಾನ್ಯ ಧೂಳಿನಂಥದ್ದಲ್ಲ. ಎಣ್ಣೆಯೊಂದಿಗೆ ಬೆರೆತರೆ ಸಾಣೆಯ ಪುಡಿಯಂತೆ ಕೆಲಸ ಮಾಡಿ ಚೈನಿನ ಕೊಂಡಿಗಳನ್ನು ತೇಯುತ್ತದೆ. ಅದನ್ನು ಶ್ರದ್ಧೆಯಿಂದ ಮಾಡಿದೆ, ಒರೆಸಿದ ಬನಿಯನ್ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಟೈರಿಗೆ ಮಾತ್ರ ಕೈಯಾಡಿಸಲಿಲ್ಲ. ಬುಧವಾರ ಬೆಳಿಗ್ಗೆ ಹಾಲು ತರಲು ಸೈಕಲ್ ತೆಗೆದರೆ ಮುಂದಿನ ಚಕ್ರ ನೆಲಕ್ಕೆ ಕುಳಿತಿತ್ತು. ಟೈರು ಬಿಚ್ಚಿ ಒಳಗೆ ಬೆರಳು ಸವರಿದಾಗ, ನಾನು ನೋಡದೆ ಬಿಟ್ಟ ಅರ್ಧದಲ್ಲಿ, ನೆಗ್ಗಿಲಿನ ಇನ್ನೊಂದು ಹೋಳು ಚುಚ್ಚಿತು. ಹೆಂಡತಿಯ ಹುಬ್ಬಿನ ಚಿಮಟದಿಂದ ಅದನ್ನು ಕೀಳಲು ಕಾಲು ಗಂಟೆ ಹಿಡಿಯಿತು.