ಬಿಲ್‌ಗೇಕೆ ನನ್ನ ನಂಬರು?

ಕಳೆದ ವಾರ ಜವಳಿ ಅಂಗಡಿಯೊಂದರಲ್ಲಿ ಎರಡು ಪಂಚೆ, ಒಂದು ಟವೆಲ್ಲು ಕೊಂಡು ಗಲ್ಲೆಯ ಮುಂದೆ ನಿಂತಾಗ, ಅಲ್ಲಿದ್ದ ಹುಡುಗ ತಲೆಯೆತ್ತದೆಯೇ "ನಂಬರ್ ಹೇಳಿ ಸರ್" ಎಂದ. ನಗದು ಕೊಡುತ್ತಿದ್ದೇನೆ, ನಂಬರು ಯಾಕಪ್ಪ ಎಂದು ಕೇಳಿದೆ. "ಹಾಕ್ದಿದ್ರೆ ಸಿಸ್ಟಮ್ ಬಿಲ್ ಕೊಡಲ್ಲ ಸರ್" ಎಂದ. ನಾನು ಕದಲಲಿಲ್ಲ. ಹಿಂದಿನವರು ಗೊಣಗತೊಡಗಿದಾಗ ಅವನೇ ಒಂಬತ್ತರ ಗುಂಡಿಯನ್ನು ಹತ್ತು ಸಲ ಒತ್ತಿದ. ಬಿಲ್ಲು ಸರಾಗವಾಗಿ ಹೊರಬಂತು.

ಆ ಹತ್ತು ಒಂಬತ್ತುಗಳಷ್ಟು ಸ್ಪಷ್ಟವಾಗಿ ಈ ವಿಷಯವನ್ನು ಯಾವ ವಕೀಲರೂ ನನಗೆ ವಿವರಿಸಿರಲಿಲ್ಲ. ಬಿಲ್ಲಿಗೆ ನಂಬರು ಬೇಕಿರಲಿಲ್ಲ, ಅಂಗಡಿಗೆ ಬೇಕಿತ್ತು. ಖರೀದಿಗೆ ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ಸಲಹೆ ನೀಡಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಪ್ಪಿಗೆ ಎಂಬುದು ಆ ಕೆಲಸಕ್ಕೆ ಅಗತ್ಯವಾದ ಮಾಹಿತಿಗಷ್ಟೇ ಸೀಮಿತ ಎನ್ನುತ್ತದೆ. ಕಾಯ್ದೆಯೇ ಕೊಡುವ ಉದಾಹರಣೆ ಸೊಗಸಾಗಿದೆ: ದೂರವೈದ್ಯಕೀಯದ ಆ್ಯಪ್ ಒಂದು ಚಿಕಿತ್ಸೆಗೆ ಬೇಕಾದ ಮಾಹಿತಿಯ ಜತೆಗೆ ನಿಮ್ಮ ಫೋನಿನ ಸಂಪರ್ಕ ಪಟ್ಟಿಯನ್ನೂ ಕೇಳಿ, ನೀವು ಎರಡಕ್ಕೂ 'ಹೂಂ' ಎಂದಿದ್ದರೂ, ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಅದಕ್ಕೆ ನಿಮ್ಮ ಒಪ್ಪಿಗೆ ಇದ್ದಂತಾಗುವುದಿಲ್ಲ. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕನ್ನು ನಾವೆಷ್ಟು ಜನ ಚಲಾಯಿಸುತ್ತೇವೋ ನೋಡಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆಯಾದರೂ, ಮುಖ್ಯ ಹೊಣೆಗಳನ್ನು ಪಾಲಿಸಲು ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಸಿಕ್ಕಿದೆ.

ಇದಕ್ಕೆಲ್ಲ ಬುನಾದಿ ಹಾಕಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ, ತಮ್ಮ ಎಂಬತ್ತಾರರ ಇಳಿವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ಆ ಪ್ರಕರಣದಲ್ಲಿಯೇ.

ಹಾಗೆಂದು ಕಾಯ್ದೆಯ ಬಗ್ಗೆ ನನಗೆ ತಕರಾರಿಲ್ಲದೆ ಇಲ್ಲ. ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದೆ ಸೋರಿಕೆಗೆ ಎಡೆಮಾಡಿಕೊಟ್ಟ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ, ಸೋರಿದ ಸಂಗತಿಯನ್ನು ಈ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ಸಂಬಂಧಪಟ್ಟ ವ್ಯಕ್ತಿಗಳಿಗೂ ತಿಳಿಸದಿದ್ದರೆ 200 ಕೋಟಿವರೆಗೆ ದಂಡ ವಿಧಿಸಬಹುದು. ಆದರೆ ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ನಷ್ಟಕ್ಕೊಳಗಾದವರಿಗೆ ಪರಿಹಾರ ಕೊಡಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಕಲಮನ್ನು ಕೈಬಿಡುವ ಏರ್ಪಾಡೂ ಇದೇ ಕಾಯ್ದೆಯಲ್ಲಿದೆ. ಮನೆ ನನ್ನದು, ಕಳುವಾದ ಒಡವೆ ನನ್ನದು, ದಂಡದ ದುಡ್ಡು ಮಾತ್ರ ಸರ್ಕಾರದ್ದು ಎಂದರೆ ಹೇಗೆ?

ದೊಡ್ಡ ಕಂಪನಿಗಳ ಮಾತು ಹಾಗಿರಲಿ. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಗೆ ಮೊನ್ನೆ ಆಧಾರ್ ಪ್ರತಿ ತೆಗೆಸಲು ಹೋದಾಗ, ಮಾಲೀಕರ ಹೆಸರಿನಲ್ಲಿರುವ ವಾಟ್ಸಾಪ್ ನಂಬರಿಗೆ ಪಿಡಿಎಫ್ ಕಳಿಸಬೇಕಾಯಿತು. ಪರದೆಯ ತುಂಬ ಊರವರ ಪ್ಯಾನ್ ಕಾರ್ಡು, ಅಂಕಪಟ್ಟಿ, ಮದುವೆ ಕರಾರುಪತ್ರ, ಯಾರದೋ ಸ್ಕ್ಯಾನಿಂಗ್ ವರದಿ. ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಬೇಕೆಂಬುದೂ ಕಾನೂನಿನ ಮಾತೇ ಆದ್ದರಿಂದ, ನನ್ನದನ್ನು ಅಳಿಸಿಬಿಡಿ ಎಂದು ವಿನಂತಿಸಿದೆ. ಅವರು ಬೇಸರಿಸದೆ ಫೈಲನ್ನು ಅಳಿಸಿದರು. ಕೇಳಿದ್ದಕ್ಕೆ ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದರು. ಚಿಲ್ಲರೆ ಎಣಿಸಿಕೊಡುತ್ತ, "ಮೊಬೈಲ್ನಲ್ಲಿ ಹೇಗೂ ಇರುತ್ತಲ್ಲ ಸರ್, ಮುಂದಿನ ಸಲ ಮತ್ತೆ ಕಳಿಸೋ ತೊಂದ್ರೆ ಇಲ್ಲ" ಎಂದು ಧೈರ್ಯ ಹೇಳಿದರು.