ಮರಕ್ಕೂ ಒಂದು ಪಹಣಿ

ಬಾಸ್ಟನ್ನಿಗೆ ಬಂದ ಅಮ್ಮನಿಗೆ ಅಂಗಡಿ ಸುತ್ತುವುದಕ್ಕಿಂತ ಮರಗಿಡ ನೋಡುವುದೇ ಇಷ್ಟ. ಅಕ್ಟೋಬರಿನಲ್ಲಿ ರಜೆ ಹಾಕಿ ಆರ್ನಾಲ್ಡ್ ಅರ್ಬೊರೇಟಮ್ ಎಂಬ ಮರಗಳ ತೋಟಕ್ಕೆ ಕರೆದುಕೊಂಡು ಹೋದೆ. 281 ಎಕರೆ ಜಾಗ, ಟಿಕೆಟ್ ಇಲ್ಲ.

"ಇದೇನೇ, ಮರಕ್ಕೂ ನಂಬರಾ?" ಅಂತ ಅಮ್ಮ ನಿಂತೇಬಿಟ್ಟರು. ಡಾನ್ ರೆಡ್‌ವುಡ್ ಮರದ ಮೇಲೊಂದು ಪುಟ್ಟ ಲೋಹದ ಬಿಲ್ಲೆ. ಅದರಲ್ಲಿ 524-48. ಅಂದರೆ 1948ರಲ್ಲಿ ಇಲ್ಲಿ ದಾಖಲಾದ ಗಿಡಗಳ ಪೈಕಿ 524ನೆಯದು. ಈ ಜಾತಿಗೆ ಜಪಾನಿನ ಮಿಕಿ ಎಂಬ ವಿಜ್ಞಾನಿ 1941ರಲ್ಲಿ ಹೆಸರಿಟ್ಟದ್ದು ಬರೀ ಪಳೆಯುಳಿಕೆ ನೋಡಿ. ಆಮೇಲೆ ಚೀನಾದಲ್ಲಿ ಜೀವಂತ ಮರಗಳೇ ಸಿಕ್ಕವು! ಇಲ್ಲಿನ ಸಸ್ಯವಿಜ್ಞಾನಿ ಮೆರಿಲ್ 250 ಡಾಲರ್ ಕಳಿಸಿ ಬೀಜ ತರಿಸಿದರು. ಆ ಬೀಜದ ಮರವನ್ನೇ ಅಮ್ಮ ಮುಟ್ಟಿ ನೋಡುತ್ತಿದ್ದರು.

ಹೊಲಕ್ಕೆ ಪಹಣಿ ಇದ್ದ ಹಾಗೆ ಇಲ್ಲಿ ಮರಕ್ಕೂ ಒಂದು ದಾಖಲೆ. ಎಲ್ಲಿಂದ ಬಂತು, ಯಾರು ತಂದರು, ಯಾವಾಗ, ಎಲ್ಲ ಅದರಲ್ಲಿರುತ್ತದೆ. ಜಾಗದ್ದೂ ಒಂದು ಕತೆ ಇದೆ. ಜೇಮ್ಸ್ ಆರ್ನಾಲ್ಡ್ ಎಂಬ ವ್ಯಾಪಾರಿ ಬಿಟ್ಟುಹೋದ ಹಣದಿಂದ 1872ರಲ್ಲಿ ಹಾರ್ವರ್ಡ್ ಇದನ್ನು ಶುರುಮಾಡಿತು. 1882ರಲ್ಲಿ ನೆಲವನ್ನು ನಗರಕ್ಕೆ ಬಿಟ್ಟುಕೊಟ್ಟು, ಅದನ್ನೇ 1000 ವರ್ಷಕ್ಕೆ ಗುತ್ತಿಗೆ ಪಡೆಯಿತು.

"ಬಾಡಿಗೆ ಎಷ್ಟಂತೆ?"

"ವರ್ಷಕ್ಕೆ ಒಂದು ಡಾಲರ್, ಅಮ್ಮ."

ಅಮ್ಮ ಜೋರಾಗಿ ನಕ್ಕರು. ನನಗಂತೂ ಈ ಕರಾರು ಬಹಳ ಇಷ್ಟ. ಮರ ನೆಡುವವರು ಅಷ್ಟು ದೂರ ಯೋಚಿಸಲೇಬೇಕಲ್ವಾ?

ಮೊದಲೇ ಕೇಳಿಕೊಂಡಿದ್ದರಿಂದ ಹನಿವೆಲ್ ಕಟ್ಟಡದ ಗ್ರಂಥಾಲಯದಲ್ಲಿ ವಿಲ್ಸನ್ ತೆಗೆದ ಹಳೆಯ ಫೋಟೋಗಳನ್ನು ತೆಗೆದಿಟ್ಟಿದ್ದರು. ಈ ತೋಟಕ್ಕಾಗಿ ಗಿಡ, ಬೀಜ ಹುಡುಕುತ್ತ, ಭಾರದ ಕ್ಯಾಮೆರಾ, ಗಾಜಿನ ಪ್ಲೇಟುಗಳ ಸಮೇತ ಚೀನಾದ ಬೆಟ್ಟ ಅಲೆದವರು ಅವರು. 1910ರಲ್ಲಿ ಮಿನ್ ನದಿಯ ಕಣಿವೆಯಲ್ಲಿ ಬಂಡೆ ಜಾರಿ ಅವರ ಕಾಲು ಮುರಿಯಿತು. ಕ್ಯಾಮೆರಾದ ಸ್ಟ್ಯಾಂಡನ್ನೇ ಕಾಲಿಗೆ ಕಟ್ಟಿದರು. ಇಕ್ಕಟ್ಟಾದ ದಾರಿ, ಎದುರಿಗೆ ಹೇಸರಗತ್ತೆಗಳ ಸಾಲು. ದಾರಿಗೆ ಅಡ್ಡಲಾಗಿ ಮಲಗಿದ್ದ ಅವರನ್ನು ಅವು ಒಂದೊಂದಾಗಿ ದಾಟಿಕೊಂಡೇ ಹೋದವಂತೆ.

ಒಂದು ಫೋಟೋದಲ್ಲಿ ದೊಡ್ಡ ಮರ, ಬುಡದಲ್ಲಿ ಒಬ್ಬ ಆಳು. ಎತ್ತರ ತಿಳಿಯಲಿ ಅಂತ ನಿಲ್ಲಿಸಿದ್ದು. ಮರದ ಹೆಸರು, ಎತ್ತರ, ಸುತ್ತಳತೆ, ಊರು, ತಾರೀಖು ಎಲ್ಲ ಬರೆದಿತ್ತು.

"ಈ ಮನುಷ್ಯನ ಹೆಸರು?" ಅಂದರು ಅಮ್ಮ.

ಅದು ಇರಲಿಲ್ಲ. ವಿಲ್ಸನ್ನರ ಸಾಮಾನು ಹೊತ್ತವರು, ಬೀಜ ಆರಿಸಿದವರು ಇಂಥವರೇ. ಇಷ್ಟು ಅಚ್ಚುಕಟ್ಟಾದ ದಾಖಲೆಯಲ್ಲಿ ಆ ಒಂದು ಸಾಲು ಇಲ್ಲದ್ದು ನನಗೆ ನಿಜಕ್ಕೂ ನೋವಾಯಿತು.